ಒಳಗೆ ಕೂತು ಕುಡಿದ ಎಳನೀರು

ಯಾರದೇ ಮನೆಗೆ ಹೋದರೂ ನಮ್ಮ ಮೇಡಂ ಹೊಸ್ತಿಲ ಈಚೆ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಕನ್ನಡಕ ತೆಗೆದು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಊರಿ, ರೆಪ್ಪೆ ಬಿಗಿಯಾಗಿ ಮುಚ್ಚಿ. ಮೂಗಿನ ಎರಡೂ ಬದಿ ಕನ್ನಡಕ ಒತ್ತಿದ ಕೆಂಪು ಗುರುತು ಎದ್ದು ಕಾಣುತ್ತಿತ್ತು. ಮೇಡಂ ಮನೆದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡು ಮನೆಯವರೂ ಸುಮ್ಮನೆ ನಿಲ್ಲುತ್ತಿದ್ದರು. ಒಂದು ಮನೆಯಲ್ಲಂತೂ ಅಜ್ಜಿಯೊಬ್ಬರು ದಡಬಡ ಒಳಗೆ ಓಡಿ ಊದಿನಕಡ್ಡಿ ಹಚ್ಚಿಕೊಂಡು ಬಂದಿದ್ದರು.

ಭಕ್ತಿಗೂ ಅದಕ್ಕೂ ಸಂಬಂಧವಿರಲಿಲ್ಲ. "ತೋಟದ ಬಿಸ್ಲಲ್ಲಿ ಬಂದಿರ್ತೀವಿ ಕಣೇ. ಹಂಗೇ ಒಳಕ್ಕೆ ನುಗ್ಗಿದ್ರೆ ಕಣ್ಣಿಗೆ ಏನೂ ಕಾಣಲ್ಲ. ಮಲಗಿರೋರು ನಮ್ಮನ್ನ ನೋಡ್ತಿರ್ತಾರೆ, ನಮಗೆ ಅವ್ರು ಕಾಣಲ್ಲ. ಕಣ್ಣಿಗೆ ಒಂಚೂರು ಕತ್ಲೆ ಅಭ್ಯಾಸ ಮಾಡ್ಸಿ ಹೋಗ್ಬೇಕು" ಎನ್ನುತ್ತಿದ್ದರು. ಈ ಅಭ್ಯಾಸ ಅವರಿಗೆ ಮೊದಲಿನಿಂದ ಇದ್ದದ್ದಲ್ಲ. ಒಂದು ಸಾವಿನ ನಂತರ ಬಂದದ್ದು.

ನಾನು ಪಂಚಾಯಿತಿಯ ಕಾರ್ಯಕರ್ತೆ. ಅಂಗವಿಕಲರು, ಹಾಸಿಗೆ ಹಿಡಿದವರು ಇರುವ ಮನೆಗಳಿಗೆ ಹೋಗಿ ಅವರನ್ನು ನೋಡಿಕೊಂಡು ಬರುವುದು ನನ್ನ ಕೆಲಸ. ನನ್ನಂಥವರ ಮೇಲೆ ತಾಲ್ಲೂಕಿಗೆ ಒಬ್ಬರು ಮೇಲ್ವಿಚಾರಕಿ ಇರುತ್ತಾರೆ. ಅವರೇ ನಮ್ಮ ಮೇಡಂ. ಆಗಲೇ ಐವತ್ತು ದಾಟಿದ್ದರು. ಮದುವೆಯಾಗಿರಲಿಲ್ಲ. ಹುಟ್ಟಾ ಗಾಬರಿಯ ಹೆಂಗಸು. ತೆಂಗಿನ ತೋಟದಲ್ಲಿ ನಡೆಯುವಾಗ ಕಾಯಿ ಬಿದ್ದೀತು ಎಂದು ಛತ್ರಿ ಬಿಚ್ಚುತ್ತಿದ್ದರು. "ಛತ್ರಿ ಕಾಯಿ ತಡೀತದಾ ಮೇಡಂ?" ಎಂದು ನಾನು ಛೇಡಿಸಿದರೆ, "ತಡೀದಿದ್ರೂ ಧೈರ್ಯಕ್ಕೆ ಇರ್ಲಿ ಬುಡು" ಎನ್ನುತ್ತಿದ್ದರು. ನನ್ನ ಸ್ಕೂಟಿಯ ಹಿಂದೆ ಕೂತರೆ ದಾರಿಯುದ್ದಕ್ಕೂ ನನ್ನ ಭುಜ ಹಿಂಡಿ ಹಿಪ್ಪೆ ಮಾಡುತ್ತಿದ್ದರು. ಚೀಲದಲ್ಲಿ ಸದಾ ಒಂದು ಚೂರು ಕೊಬ್ಬರಿ, ಒಂದು ಉಂಡೆ ಬೆಲ್ಲ. ಗಾಬರಿ ಹೆಚ್ಚಾದಾಗ ಅದನ್ನು ಬಾಯಿಗೆ ಹಾಕಿಕೊಂಡು ಅಗಿಯುವರು. ಕಟಕಟ ಸದ್ದು ಕೇಳಿದರೆ ಏನೋ ತಲೆಗೆ ಹತ್ತಿದೆ ಎಂದು ನಮಗೆಲ್ಲ ತಿಳಿಯುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲೇ ಆ ಸಾವು ಆಯಿತು. ಊರಿನ ಹೆಸರು ಬೇಡ, ಪಕ್ಕದ ಪಂಚಾಯಿತಿ ಎಂದಿಟ್ಟುಕೊಳ್ಳಿ. ಒಳ್ಳೆಯ ತೋಟವಿದ್ದ, ಒಳ್ಳೆಯ ಹೆಸರಿದ್ದ ಮನೆ. ಮನೆಯ ಯಜಮಾನನ ತಂಗಿಗೆ ಚಿಕ್ಕಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಕೊಬ್ಬರಿಗೆಂದು ಕಾಯಿ ತುಂಬುವ ಅಟ್ಟದ ಕೆಳಗಿನ ಕೋಣೆಯಲ್ಲಿ ಅವರ ಹಾಸಿಗೆ. ಬೆನ್ನೆಲ್ಲ ಹುಣ್ಣಾಗಿ, ಹುಣ್ಣು ಮೂಳೆ ಮುಟ್ಟಿ, ಕೊನೆಗೆ ಜ್ವರ ಬಂದು ಅವರನ್ನು ತಿಪಟೂರಿನ ಆಸ್ಪತ್ರೆಗೆ ತಂದಾಗ ತಡವಾಗಿತ್ತು. ನಲವತ್ತೂ ಆಗಿರಲಿಲ್ಲ.

ವಿಚಾರಣೆಗೆ ಜಿಲ್ಲೆಯಿಂದ ಅಧಿಕಾರಿಗಳು ಬಂದರು. ಯಾರ ತಲೆ ಉರುಳುತ್ತದೋ ಎಂದು ಎಲ್ಲರಿಗೂ ದಿಗಿಲು. ಎಲ್ಲರೂ ತಮ್ಮ ತಮ್ಮ ಉತ್ತರ ಬಾಯಿಪಾಠ ಮಾಡಿಕೊಂಡಿದ್ದರು. ವಿಚಾರಣೆಯಲ್ಲಿ ಗೊತ್ತಾದದ್ದು ಮಾತ್ರ ಯಾರೂ ಎಣಿಸದಿದ್ದ ಸಂಗತಿ. ಆ ಮನೆಗೆ ಯಾರೂ ಹೋಗದೆ ಇರಲಿಲ್ಲ. ಆಶಾ ಕಾರ್ಯಕರ್ತೆ ಹೋಗಿದ್ದರು, ಪಿಂಚಣಿ ತರುವ ಪೋಸ್ಟ್‌ಮನ್ ತಿಂಗಳು ತಿಂಗಳೂ ಹೋಗುತ್ತಿದ್ದರು, ಗ್ರಾಮ ಲೆಕ್ಕಿಗರು ಹೋಗಿದ್ದರು, ನನ್ನಂಥ ಕಾರ್ಯಕರ್ತ ಹೋಗಿದ್ದ. ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ಒಬ್ಬರಿಗೂ ಹುಣ್ಣು ಕಂಡಿರಲಿಲ್ಲ. ಮುಂದೆ ಹೀಗಾಗದ ಹಾಗೆ ನೋಡಿಕೊಳ್ಳಿ ಎಂದು ಬರೆದು, ಜಿಲ್ಲೆಯವರು ಕೈತೊಳೆದುಕೊಂಡರು.

ಮೇಡಂ ಕೈತೊಳೆದುಕೊಳ್ಳಲಿಲ್ಲ. ಎಲ್ಲರನ್ನೂ ತಾಲ್ಲೂಕು ಪಂಚಾಯಿತಿಯ ಹಳೆಯ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ಬಯ್ಯುತ್ತಾರೆ ಎಂದು ನಾವು ತಲೆ ತಗ್ಗಿಸಿ ಕೂತಿದ್ದೆವು.

"ಯಾರ್ದು ತಪ್ಪು ಅಂತ ಕೇಳಕ್ಕೆ ಕರ್ದಿಲ್ಲ. ಏನೇನ್ ನಡೀತು ಅಂತ ಒಬ್ಬೊಬ್ರಾಗಿ ಹೇಳಿ. ಮೊದ್ಲು ನಂದು ಹೇಳ್ಬುಡ್ತೀನಿ" ಎಂದರು. "ಹೋದ ಕಾರ್ತೀಕದಲ್ಲಿ ನಾನೂ ಆ ಮನೆಗೆ ಹೋಗಿದ್ದೆ. ಯಜಮಾನ್ರು ಜಗಲಿ ಮೇಲೆ ಚಾಪೆ ಹಾಸಿದ್ರು. ಎಳ್ನೀರು ಕೊಚ್ಚಿ ಕೊಟ್ರು, ಕುಡ್ದೆ. ಬುರುಡೆ ಒಳಗಿನ ಗಂಜಿ ಚೆನ್ನಾಗಿತ್ತು, ಅದ್ನೂ ತಿಂದೆ. ತಂಗಿ ಹೆಂಗವ್ರೆ ಅಂದೆ. ಚೆನ್ನಾಗವ್ರೆ, ಮಲಗವ್ರೆ ಅಂದ್ರು. ಎದ್ದು ಬಂದೆ."

ಆಮೇಲೆ ಪೋಸ್ಟ್‌ಮನ್ ಬಾಯಿಬಿಟ್ಟರು. "ನಾನೂ ಕುಡ್ದಿದೀನಿ ಮೇಡಂ. ಹೆಬ್ಬೆಟ್ಟಿನ ಮಿಷನ್ನು ಅವ್ರ ಅಣ್ಣನ ಕೈಲೇ ಕೊಟ್ಬುಡ್ತಿದ್ದೆ. ಅವ್ರೇ ಒಳಗೋಗಿ ಒತ್ತಿಸ್ಕಂಡ್ ಬರೋರು. ನಾನು ಜಗಲಿ ಮ್ಯಾಲೇ ಇರ್ತಿದ್ದೆ." ಲೆಕ್ಕಿಗರೂ ಜಗಲಿಯಲ್ಲೇ ಕುಡಿದಿದ್ದರು. "ನಾನು ಎಲ್ಡು ಕುಡ್ದೆ" ಎಂದರು ಆಶಾ ಕಾರ್ಯಕರ್ತೆ. ಯಾರೋ ಕಿಸಕ್ಕನೆ ನಕ್ಕರು. ನಕ್ಕವರೇ ಮರುಕ್ಷಣ ಮುಖ ಮುಚ್ಚಿಕೊಂಡರು. ಆಶಾ ಕಾರ್ಯಕರ್ತೆ ಅಳಲು ಶುರುಮಾಡಿದ್ದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಲಲ್ಲಿ ಬಂದವರಿಗೆ ಎಳನೀರು ಕೊಡದೆ ಕಳಿಸುವವರು ಈ ತಾಲ್ಲೂಕುಗಳಲ್ಲಿ ಇಲ್ಲ. ಕೊಟ್ಟದ್ದನ್ನು ಬೇಡ ಎನ್ನುವವರೂ ಇಲ್ಲ. ಬಂದವರು ಜಗಲಿಯಲ್ಲಿ ಕೂರುತ್ತಾರೆ, ಯಜಮಾನ ಮಚ್ಚು ಹಿಡಿಯುತ್ತಾನೆ, ಮಳೆ, ಕೊಬ್ಬರಿ ಧಾರಣೆ, ತೆಂಗಿನ ನುಸಿರೋಗ ಎಲ್ಲದರ ಮಾತೂ ಆಗುತ್ತದೆ. ಕುಡಿದು ಬುರುಡೆ ಕೆಳಗಿಟ್ಟರೆ ಭೇಟಿ ಮುಗಿಯಿತೆಂದೇ ಅರ್ಥ. ಅದು ಎಲ್ಲರಿಗೂ ಗೊತ್ತಿರುವ ಮರ್ಯಾದೆ. ಆ ಮರ್ಯಾದೆಯಲ್ಲೇ ನಾವೆಲ್ಲ ಆ ಹೆಣ್ಣುಮಗಳಿಂದ ಒಂದು ಗೋಡೆಯಾಚೆ ಕೂತು ಎದ್ದು ಬಂದಿದ್ದೆವು.

ಅದಾದ ಮೇಲೆ ಮೇಡಂ ನನ್ನನ್ನು ಕರೆದುಕೊಂಡು ಅದೇ ಮನೆಗೆ ಹೋದರು. ನನಗೆ ಇಷ್ಟವಿರಲಿಲ್ಲ. ಕಲ್ಲು ಹೊಡೆದಾರು ಎಂಬ ಭಯ. ಯಜಮಾನರು ನಮ್ಮನ್ನು ಕಂಡವರೇ ತೋಟದ ಕಡೆ ಮುಖ ತಿರುಗಿಸಿ ಹೊರಟುಹೋದರು. ಅವರ ಹೆಂಡತಿ, ಸತ್ತವರ ಅತ್ತಿಗೆ, ಬಾಗಿಲಲ್ಲಿ ನಿಂತಿದ್ದರು. ಮೇಡಂ ಅವರ ಕೈ ಹಿಡಿದುಕೊಂಡು, "ನಾವೇನ್ ಮಾಡಿದ್ರೆ ಆಕೆ ಉಳೀತಿದ್ಲಮ್ಮ?" ಎಂದು ಕೇಳಿಬಿಟ್ಟರು. ಹಾಗೆ ಕೇಳುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆಕೆ ಹೇಳಿದರು: "ಒಬ್ಳೇ ಹೊರಳ್ಸಕಾಯ್ತಿರ್ಲಿಲ್ಲ ಕಣಮ್ಮ. ನಂಗೂ ಸೊಂಟ ಹಿಡ್ದೋಗಿತ್ತು. ಇವ್ರಿಗೆ ಹೇಳಿದ್ರೆ ಹೆಣ್ಣೆಂಗ್ಸಿನ್ ಮೈ, ನಾನೆಂಗ್ ಮುಟ್ಲಿ ಅನ್ನೋರು. ಆಸ್ಪತ್ರೆ ಅಂದ್ರೆ ಮನೆ ಮಾನ ಹೋಯ್ತದೆ ಅನ್ನೋರು. ನೀವ್ ಯಾರಾರ ಬಂದಾಗೆಲ್ಲ ಒಳಕ್ಕೆ ಬತ್ತೀರ ಅಂತ ಬಾಗ್ಲಿಂದೆ ನಿಂತ್ಕಂಡ್ ಕಾಯ್ತಿದ್ದೆ. ಕುಡ್ದು ಎದ್ದೋಗ್ಬುಡ್ತಿದ್ರಿ."

ದಾರಿಯಲ್ಲಿ ಮೇಡಂ ನನ್ನ ಭುಜ ಹಿಂಡಲಿಲ್ಲ. ಕೊಬ್ಬರಿಯನ್ನೂ ಅಗಿಯಲಿಲ್ಲ. ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ಕೂತಿದ್ದರು. ನನ್ನ ರವಿಕೆ ಒದ್ದೆಯಾಗಿದ್ದು ಮನೆಗೆ ಹೋದ ಮೇಲೆ ಗೊತ್ತಾಯಿತು.

ಮೊದಲು ಮೇಲಿನಿಂದ ಒಂದು ಆದೇಶ ಬಂತು: ಭೇಟಿಗೆ ಹೋದ ಮನೆಯಲ್ಲಿ ಯಾರೂ ಏನನ್ನೂ ಸ್ವೀಕರಿಸಬಾರದು. ಓದಲು ಚೆನ್ನಾಗಿತ್ತು. ಅದನ್ನು ಪಾಲಿಸಲು ಹೋಗಿ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೇಡ ಎಂದ ಕೂಡಲೇ ಮನೆಯವರ ಮುಖ ಬಿಗಿಯುತ್ತಿತ್ತು, ಬಾಗಿಲು ಇನ್ನಷ್ಟು ಮುಚ್ಚುತ್ತಿತ್ತು. ಬಿಳಿಗೆರೆ ಕಡೆ ಒಂದು ಕಾಲೋನಿಯಲ್ಲಿ ಮುದುಕರೊಬ್ಬರು ಕೊಚ್ಚಿದ ಎಳನೀರನ್ನು ಕೈಯಲ್ಲಿ ಹಿಡಿದೇ ನಿಂತು, "ನಮ್ಮನೆ ನೀರು ನಿಮಗೆ ಆಗಾಕಿಲ್ವಾ ತಾಯಿ?" ಎಂದರು. ಮೇಡಂ ಮುಖ ಸುಣ್ಣದಂತಾಯಿತು. ಯಾವ ಊರಿನಲ್ಲಿ ಯಾರು ಯಾರ ಮನೆಯ ನೀರು ಮುಟ್ಟುವುದಿಲ್ಲ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಆ ಆದೇಶ ನಮ್ಮನ್ನೂ ಆ ಸಾಲಿಗೇ ಸೇರಿಸಿತ್ತು.

ಮೇಡಂ ಅಲ್ಲೇ ಆ ಎಳನೀರು ಇಸಿದುಕೊಂಡರು. ಆದರೆ ಕುಡಿಯಲಿಲ್ಲ. "ಯಾಕ್ ಆಗಲ್ಲ ಯಜಮಾನ್ರೇ? ನಿಮ್ ಮಗ ಎಲ್ಲಿ ಮಲಗವ್ನೆ? ಅವ್ನ್ ಹತ್ರ ಕೂತ್ಕಂಡು ಕುಡಿತೀನಿ" ಎಂದು, ಬುರುಡೆ ಎದೆಗೊತ್ತಿಕೊಂಡು ಒಳಗೆ ನಡೆದರು. ಬಿದ್ದು ಸೊಂಟ ಮುರಿದುಕೊಂಡಿದ್ದ ಮಗನ ಹಾಸಿಗೆಯ ಪಕ್ಕ ಕೂತು, ಅವನಿಗೊಂದಿಷ್ಟು ಕುಡಿಸಿ, ತಾವೂ ಕುಡಿದರು. ಮುದುಕರ ಕಣ್ಣಲ್ಲಿ ನೀರು. ನಮಗೆ ಅಂದಿನಿಂದ ದಾರಿ ಸಿಕ್ಕಿತು.

ಆದೇಶ ತಿದ್ದಿಸಲು ಮೇಡಂ ತುಮಕೂರಿಗೆ ಎಷ್ಟು ಸಲ ಅಲೆದರೋ. ಕೊನೆಗೆ ತಿದ್ದಿಸಿದರು. ನಮಗೆ ಅವರು ಬಾಯಲ್ಲಿ ಹೇಳಿಕೊಟ್ಟದ್ದು ಇಷ್ಟು: ಎಳನೀರು ಬೇಡ ಅನ್ನಬಾರದು, ಕೊಚ್ಚಿಡಿ ಅನ್ನಬೇಕು. ಒಳಗೆ ಹೋಗಿ ಮುಖ ನೋಡಬೇಕು. ಮನೆಯವರನ್ನು ಒಂದು ಗಳಿಗೆ ಹೊರಗೆ ಕಳಿಸಿ ಮಲಗಿರುವವರನ್ನು ಕೇಳಬೇಕು, ಊಟ ಕೊಡ್ತಾರಾ, ಹೊರಳಿಸ್ತಾರಾ, ಹೆದರಿಕೆ ಇದೆಯಾ. ಆಮೇಲೆ ನೋಡಿಕೊಳ್ಳುವವರನ್ನು ಕರೆದು ಅವರ ಕಷ್ಟವನ್ನೂ ಕೇಳಬೇಕು. ಆಮೇಲೆ ಹಾಸಿಗೆ ಪಕ್ಕ ಕೂತು ಕುಡಿಯಬೇಕು. ಏನಾದರೂ ಸರಿಯಿಲ್ಲ ಅನಿಸಿದರೆ ಅದೇ ಸಂಜೆ ಒಬ್ಬರಿಗೊಬ್ಬರು ಫೋನ್ ಮಾಡಬೇಕು. ತಿಂಗಳಿಗೊಮ್ಮೆ ಪೋಸ್ಟ್‌ಮನ್, ಆಶಾ, ಲೆಕ್ಕಿಗರು, ನಾವು ಎಲ್ಲ ಒಟ್ಟಿಗೆ ಕೂತು ಮನೆ ಮನೆಯ ಸುದ್ದಿ ಮಾತಾಡಬೇಕು.

ಹೇಳುವುದು ಸುಲಭ. ಗಂಡಸರನ್ನು ಅವರದೇ ಕೋಣೆಯಿಂದ ಹೊರಗೆ ಹೋಗಿ ಎನ್ನಬೇಕಿತ್ತು. ಎಷ್ಟೋ ಸಲ ಬೈಸಿಕೊಂಡಿದ್ದೇನೆ. ವರ್ಷ ಕಳೆದ ಹಾಗೆ ನಮ್ಮಲ್ಲೂ ಸಡಿಲವಾಯಿತು. ಆ ಮನೆ ಗೊತ್ತಿರೋದೇ, ಅವರು ಒಳ್ಳೆಯವರು ಎಂದು ಕೆಲವರು ಮತ್ತೆ ಜಗಲಿಗೆ ಇಳಿದರು. ಅದನ್ನು ಮೇಡಂ ಹೇಗೋ ಕಂಡುಹಿಡಿಯುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಬರುತ್ತಿತ್ತು. ನಮಸ್ಕಾರವಿಲ್ಲ, ಕ್ಷೇಮವಿಲ್ಲ. "ಮುಖ ನೋಡಿದ್ಯಾ?" ಅಷ್ಟೇ. ನೋಡಿದೆ ಎಂದರೆ, "ಸರಿ, ಊಟ ಮಾಡು." ಇಲ್ಲ ಎಂದರೆ ಆ ಕಡೆಯಿಂದ ಕಟಕಟ ಸದ್ದು. ಆ ಸದ್ದಿಗಿಂತ ಬೈದಿದ್ದರೇ ವಾಸಿ ಅನಿಸುತ್ತಿತ್ತು. "ಇವರಿಗೆ ಹುಚ್ಚು" ಎಂದು ನಾನೇ ನನ್ನ ಗಂಡನ ಮುಂದೆ ಗೊಣಗಿದ್ದುಂಟು. ಹಾಗೆ ಗೊಣಗಿಕೊಂಡೇ ಮಾರನೆಯ ದಿನ ಅದೇ ಮನೆಗೆ ಮತ್ತೆ ಹೋಗುತ್ತಿದ್ದೆ. ತುರುವೇಕೆರೆ ರಸ್ತೆಯ ಒಂದು ಮನೆಯಲ್ಲಿ ಹಾಗೆ ಎರಡನೇ ಸಲ ಹೋದಾಗಲೇ, ಆ ಮನೆಯ ಸೊಸೆ ನೋಡಿಕೊಳ್ಳುತ್ತಿದ್ದ ಅತ್ತೆಯ ಮೈಮೇಲಿನ ಹುಣ್ಣು ಸಣ್ಣದಿರುವಾಗಲೇ ನನ್ನ ಕಣ್ಣಿಗೆ ಬಿತ್ತು. ಆಕೆ ಈಗ ಗೋಡೆ ಹಿಡಿದು ಹಿತ್ತಲಿಗೆ ಹೋಗಿ ಬರುತ್ತಾರೆ.

ಮೇಡಂ ನಿವೃತ್ತರಾಗಿ ಕಂದಿಕೆರೆ ಕಡೆ ತಮ್ಮ ತಂಗಿಯ ಮಗನ ಮನೆಗೆ ಹೋದರು. ನಿವೃತ್ತಿಯಾದರೂ ಫೋನ್ ನಿಲ್ಲಲಿಲ್ಲ, ವಾರಕ್ಕೊಮ್ಮೆ ಬರುತ್ತಿತ್ತು. ಒಂದು ವಾರ ಬರಲಿಲ್ಲ. ಮರುವಾರವೂ ಬರಲಿಲ್ಲ. ನಾನೇ ಮಾಡಿದೆ. ತಂಗಿಯ ಮಗನ ಹೆಂಡತಿ ಎತ್ತಿದಳು. ಲಕ್ವ ಹೊಡೆದು ಬಲಭಾಗ ಬಿದ್ದಿದೆ, ಆಸ್ಪತ್ರೆಯಿಂದ ಕರೆತಂದಿದ್ದೇವೆ ಎಂದಳು. ಹೇಗಿದ್ದಾರೆ ಎಂದೆ.

"ಚೆನ್ನಾಗವ್ರೆ ಕಣಕ್ಕ. ಮಲಗವ್ರೆ."

ಎರಡು ದಿನ ಬಿಟ್ಟು ಮಾಡಿದಾಗಲೂ ಅದೇ ಮಾತು, ಅದೇ ಎರಡು ಪದ. ಅವಳು ಬೇರೇನು ಹೇಳಬೇಕಿತ್ತು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಭಾನುವಾರ ಸ್ಕೂಟಿ ತೆಗೆದು ಹೊರಟುಬಿಟ್ಟೆ. ಚಿಕ್ಕನಾಯಕನಹಳ್ಳಿ ದಾಟಿ ಗುಡ್ಡಗಳು ಕಾಣುವವರೆಗೂ ಎಲ್ಲೂ ಗಾಡಿ ನಿಲ್ಲಿಸಲಿಲ್ಲ.

ತಂಗಿಯ ಮಗ ಅಂಗಳದಲ್ಲೇ ಇದ್ದ. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ನನ್ನನ್ನು ಕಂಡು ನಕ್ಕು, ಜಗಲಿಗೆ ಚಾಪೆ ಹಾಸಿ, ಗೊನೆಯಿಂದ ಒಂದು ಎಳನೀರು ಕಿತ್ತು ಮಚ್ಚು ತೆಗೆದುಕೊಂಡ. "ಕೂತ್ಕಳಿ ಅಕ್ಕ, ಬಿಸ್ಲಲ್ಲಿ ಬಂದಿದೀರಿ. ದೊಡ್ಡಮ್ಮಂಗೆ ಈಗ ತಾನೇ ನಿದ್ದೆ ಹತ್ತೈತೆ."

ನಾನು ನಿಂತೇ ಇದ್ದೆ. ಮಚ್ಚಿನ ಏಟು ಒಂದೊಂದಾಗಿ ಬೀಳುತ್ತಿತ್ತು. ಕೂತುಬಿಡಬೇಕು ಅನಿಸಿತು. ಕುಡಿದು, ಅವರು ಎದ್ದಾಗ ನಾನು ಬಂದಿದ್ದೆ ಅಂತ ಹೇಳಪ್ಪ ಎಂದು ಹೊರಟುಬಿಡಬಹುದಿತ್ತು. ಒಳಗೆ ಏನಾದರೂ ಸರಿಯಿಲ್ಲದ್ದು ಕಂಡರೆ ನಾನು ಏನು ಮಾಡಬೇಕು? ಯಾರಿಗೆ ಫೋನ್ ಮಾಡಬೇಕು? ಇಷ್ಟು ವರ್ಷ ಫೋನ್ ಮಾಡುತ್ತಿದ್ದದ್ದೇ ಅವರಿಗೆ.

"ಕೊಚ್ಚಿಡಪ್ಪ" ಎಂದೆ. "ಒಳಗೋಗಿ ಅವ್ರ್ ಹತ್ರ ಕೂತು ಕುಡಿತೀನಿ."

"ಎಬ್ಬಿಸ್ಬ್ಯಾಡಿ ಅಕ್ಕ…"

"ಎಬ್ಬಿಸಲ್ಲ. ನೋಡ್ತೀನಿ ಅಷ್ಟೇ."

ಹೊಸ್ತಿಲ ಈಚೆ ನಿಂತು ಕಣ್ಣು ಮುಚ್ಚಿದೆ. ರೆಪ್ಪೆಯೊಳಗೆ ಬಿಸಿಲಿನ ಕೆಂಪು ಕರಗುವವರೆಗೂ ನಿಂತೆ. ಅವರು ಹಾಗೆ ನಿಂತಾಗ ಎಷ್ಟು ಹೆದರಿರುತ್ತಿದ್ದರೋ, ನನಗೆ ಆವತ್ತು ಗೊತ್ತಾಯಿತು. ಒಳಗೆ ಹೋದೆ. ಮೊದಲು ನನ್ನ ಮೂಗು ಹುಣ್ಣಿನ ವಾಸನೆ ಹುಡುಕಿತು. ಸಿಕ್ಕಿದ್ದು ಒಗೆದ ಬಟ್ಟೆಯ ವಾಸನೆ, ಪೌಡರಿನ ವಾಸನೆ. ಮಂಚದ ಪಕ್ಕ ನೀರಿನ ಚೊಂಬು, ಮೇಲೆ ಮುಚ್ಚಿದ ತಟ್ಟೆ. ಮೇಡಂ ಬಲಮಗ್ಗುಲಾಗಿ ಮಲಗಿದ್ದರು, ಬೆನ್ನಿಗೆ ದಿಂಬು ಕೊಟ್ಟಿದ್ದರು. ನಿದ್ದೆಯಲ್ಲಿರಲಿಲ್ಲ. ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. ಕನ್ನಡಕವಿಲ್ಲದ ಮೂಗಿನ ಮೇಲೆ ಆ ಕೆಂಪು ಗುರುತು ಮಾಸಿಹೋಗಿತ್ತು.

ಹಿಂದೆಯೇ ತಂಗಿಯ ಮಗ ಬಂದು ನಿಂತ. ಇವನನ್ನು ಹೊರಗೆ ಹೋಗು ಎನ್ನಲೇ? ಕಣ್ಣೆದುರಿಗೇ ಎಲ್ಲ ಸರಿಯಿದೆಯಲ್ಲ? ಆದರೂ ಹೇಳಿದೆ. "ಒಂದು ಗಳಿಗೆ ಹೊರಗಿರ್ತೀಯೇನಪ್ಪ?"

ಅವನ ಮುಖ ಕೆಂಪಗಾಯಿತು. "ಏನಕ್ಕ ಇದು? ನಮ್ ದೊಡ್ಡಮ್ಮನ್ನ ನಾವೇನ್ ಹೊಡೀತೀವಾ?"

ಮಂಚದಿಂದ ಒಂದು ಸದ್ದು ಬಂತು. ಮೇಡಂ ಎಡಗೈ ಎತ್ತಿ, ಕೋಳಿ ಓಡಿಸುವ ಹಾಗೆ ಅವನತ್ತ ಬೀಸಿದರು. ಅವನು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ ಹೊರಗೆ ಹೋದ.

ನಾನು ಅವರ ಮುಖದ ಹತ್ತಿರ ಬಗ್ಗಿ ಕೇಳಿದೆ. "ಊಟ ಕೊಡ್ತಾರಾ ಮೇಡಂ?" ತಲೆಯಾಡಿಸಿದರು. "ಹೊರಳಿಸ್ತಾರಾ?" ತಲೆಯಾಡಿಸಿದರು, ತುಟಿಯ ಒಂದು ತುದಿಯಲ್ಲಿ ನಗು. ಪಾಠ ಒಪ್ಪಿಸುತ್ತಿದ್ದೀಯ ಎಂಬಂತಿತ್ತು. ನನಗೂ ಜೀವ ಬಂದಂತಾಗಿ, ಮೂರನೆಯದನ್ನು ಹಗುರಾಗಿಯೇ ಕೇಳಿದೆ. "ಹೆದರಿಕೆ ಏನಾದ್ರೂ ಐತಾ?"

ಐತೆ ಎಂದು ತಲೆಯಾಡಿಸಿದರು.

ಬಾಗಿಲ ಕಡೆ ನೋಡಿದೆ. "ಯಾರ್ ಹೆದರ್ಸ್ತಾರೆ ಮೇಡಂ? ನನಗೆ ಹೇಳಿ."

ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಮಾತು ಸೊಟ್ಟಗೆ, ತಡೆತಡೆದು ಬಂತು. ನಾನು ಕಿವಿಯನ್ನು ಬಾಯಿಗೇ ಇಟ್ಟು ಕೇಳಿದೆ.

"ಸ್ಕೂಟಿ ಸದ್ದು ಕೇಳ್ತು. ನೀನೇ ಅಂತ ಗೊತ್ತಾಯ್ತು. ಆಮೇಲೆ… ಮಚ್ಚಿನ ಸದ್ದು. ಕುಡ್ದು… ಹೊಂಟೋಗ್ಬುಡ್ತೀಯೇನೋ ಅಂತ."

ನನಗೆ ಅಳು ತಡೆಯಲಾಗಲಿಲ್ಲ. ಅವರೂ ಅತ್ತರು. ಅತ್ತು ಮುಗಿದ ಮೇಲೆ, "ಕುಡಿದ್ಯಾ?" ಎಂದರು. ಇಲ್ಲ ಎಂದೆ. "ಈಗ ಕುಡಿ."

ತಂಗಿಯ ಮಗ ಎಳನೀರು ಒಳಗೆ ತಂದುಕೊಟ್ಟ. ಮುಖ ಊದಿಸಿಕೊಂಡೇ ಇದ್ದ. ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಂಡಿದ್ದನೋ ಏನೋ, ಲೋಟ ಮತ್ತು ಚಮಚವನ್ನೂ ತಂದಿದ್ದ. ಮೇಡಂಗೆ ಚಮಚದಲ್ಲಿ ಕುಡಿಸಿ, ಉಳಿದದ್ದು ನಾನು ಕುಡಿದೆ. ಆಮೇಲೆ ಅವನ ಹೆಂಡತಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ನಿನಗೆ ಹೇಗೆ ನಡೀತಿದೆಯಮ್ಮ ಎಂದು ಕೇಳಿದೆ. ಅವಳು ಸೊಂಟ ಮುಟ್ಟಿಕೊಂಡು ತೋರಿಸಿದಳು. ಮಾರನೆಯ ದಿನವೇ ಅಲ್ಲಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಹೊರಳಿಸಲು ಇನ್ನೊಂದು ಜೊತೆ ಕೈ ಗೊತ್ತುಮಾಡಿದೆ.

ಆ ಮಳೆಗಾಲ ಮುಗಿಯುವ ಮೊದಲೇ ಮೇಡಂ ಹೋಗಿಬಿಟ್ಟರು. ಮಣ್ಣಿಗೆ ಹೋದಾಗ ತಂಗಿಯ ಮಗ ನನ್ನ ಹತ್ತಿರ ಬಂದು, "ಮೈಮೇಲೆ ಒಂದು ಹುಣ್ಣಿರ್ಲಿಲ್ಲ ಅಕ್ಕ, ನೋಡ್ಬೇಕಾ?" ಎಂದ. ಕೋಪದಿಂದಲ್ಲ. ನೋಡಬೇಕು ಎಂದೆ. ಅವನೇ ಹೊರಗೆ ನಿಂತ, ನಾನು ಅವನ ಹೆಂಡತಿಯೊಡನೆ ಸೇರಿ ಕೊನೆಯ ಸ್ನಾನ ಮಾಡಿಸಿದೆ. ಒಂದೂ ಇರಲಿಲ್ಲ.

ಈಗ ಸಂಜೆ ಫೋನ್ ಬರುವುದಿಲ್ಲ. ನೆಮ್ಮದಿಯಾಗಿರಬೇಕಿತ್ತು, ಇಲ್ಲ. ದಿನವೂ ಯಾವುದಾದರೂ ಮನೆಯ ಅಂಗಳದಲ್ಲಿ ನಿಲ್ಲುತ್ತೇನೆ. ಚಾಪೆ ಹಾಸುತ್ತಾರೆ, ಕೂತ್ಕಳಿ ಎನ್ನುತ್ತಾರೆ, ಮಚ್ಚು ತೆಗೆಯುತ್ತಾರೆ. ಬಿಸಿಲಿಗೆ ಕಾಲು ಜಗಲಿಯ ಕಡೆಗೇ ಎಳೆಯುತ್ತದೆ. ಆಗ ಮಚ್ಚಿನ ಮೊದಲ ಏಟು ಬೀಳುತ್ತದೆ. ಒಳಗೆ ಮಲಗಿರುವವರಿಗೂ ಅದು ಕೇಳಿಸುತ್ತಿರುತ್ತದೆ.